ಹುಳುಮನೆಯಲ್ಲಿಟ್ಟ ಪೇಸ್ಟು ಡಬ್ಬಿ

ಸುಗಟೂರು
8 ಮಾರ್ಚ್ 1983

ಅಣ್ಣ ಕದಿರಪ್ಪನಿಗೆ, ತಂಗಿ ಗಂಗರತ್ನ ಬರೆಯೋದು.

ರಾಯಲ್ಪಾಡಲ್ಲಿ ನೀನು, ಅತ್ತಿಗೆ ಎಲ್ಲ ಚೆನ್ನಾಗಿದ್ದೀರಿ ಅಂತ ತಿಳ್ಕೊಂಡು ನೇರವಾಗಿ ಬೈಗುಳಕ್ಕೇ ಬರ್ತೀನಿ. ನೀನು ಕಳಿಸಿದ ಡಬ್ಬಿ ಎಂಥದ್ದೋ ಮಾರಾಯ? ನಾನು ಕೇಳಿದ್ದು ರೇಡಿಯೋಗೆ ಬೆಸುಗೆ ಹಾಕೋ ಪೇಸ್ಟು. ನೀನು ಕಳಿಸಿರೋದು ಬಕೀಟಿನ ತೂತು ಮುಚ್ಚೋರು ಬಳಸೋ ಆಸಿಡ್ ಪೇಸ್ಟು. ಮುಚ್ಚಳ ತೆಗೆದ ತಕ್ಷಣ ಮೂಗು ಚುರ್ ಅಂತು. ಆದ್ರೂ ಆಸೆ ನೋಡು, ಒಂದು ತಂತಿಗೆ ಹಚ್ಚಿ ಬೆಸೆದೆ. ವಾರದೊಳಗೆ ತಾಮ್ರ ಹಸಿರು ತಿರುಗಿ ಎಳೆ ಎಳೆಯಾಗಿ ಉದುರಿ ಹೋಯ್ತು.

ಇನ್ನೊಂದ್ಸಲ ಹೇಳ್ತೀನಿ, ಕಿವಿ ಕೊಟ್ಟು ಕೇಳು. ಕಬ್ಬಿಣದ ಸಾಮಾನಿನ ಅಂಗಡೀಲಿ ಕೇಳಬೇಡ. ಕೋಲಾರದಲ್ಲಿ ರಾಮಚಂದ್ರಪ್ಪ ಅಂತ ಒಬ್ಬರ ರೇಡಿಯೋ ಅಂಗಡಿ ಇದೆ, ಅಲ್ಲಿ ಕೇಳು. ಬೂಟ್ ಪಾಲಿಶ್ ಡಬ್ಬಿಗಿಂತ ಚಿಕ್ಕದಿರುತ್ತೆ. ಮುಚ್ಚಳ ತೆಗೆದು ಮೂಸಿ ನೋಡು, ರಾಳದ ವಾಸನೆ ಬರಬೇಕು. ಬಣ್ಣ ಬೆಲ್ಲದ ಪಾಕದ ಥರ ಇರಬೇಕು, ಮೇಲೆ ಎಣ್ಣೆ ನಿಂತಿರಬಾರದು. ಎಣ್ಣೆ ನಿಂತಿದ್ರೆ ಅದು ಬಿಸಿಲಿಗೆ ಕರಗಿ ಒಡೆದಿದೆ ಅಂತ ಅರ್ಥ. ಬೇಡ ಅಂದು ಬೇರೆ ತೆಗೆಸ್ಕೋ.

ಇಷ್ಟೊಂದು ಯಾಕೆ ಪೀಡಿಸ್ತಾಳೆ ಅಂತೀಯ? ನಮ್ಮತ್ತೆ ದೊಡ್ಡವೆಂಕಟಮ್ಮನಿಗೆ ಸೋಪಿನ ಡಬ್ಬೀಲಿ ಒಂದು ರೇಡಿಯೋ ಕಟ್ತಿದ್ದೀನಿ. ಹುಳುಮನೇಲಿ ಒಬ್ಬರೇ ಕೂತು ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಿರ್ತಾರಲ್ಲ, ಕೇಳ್ಕೊಳ್ಳಲಿ ಅಂತ. ಮದುವೆಗೆ ಮುಂಚೆ ಬೆಂಗಳೂರಿನ ಫ್ಯಾಕ್ಟ್ರೀಲಿ ಕಲಿತ ಕೆಲಸ, ಕೈ ಸುಮ್ಮನಿರಲ್ಲ ಕಣೋ.

ನಮ್ಮ ಯಜಮಾನ್ರಿಗೆ ಮಾತ್ರ ಇದನ್ನ ಕಂಡ್ರೆ ಆಗಲ್ಲ. ಪಕ್ಕದ ಆಂಜಿನಮ್ಮನ ರೇಡಿಯೋ ಸರಿ ಮಾಡಿಕೊಟ್ಟಿದ್ದಕ್ಕೆ ಹೋಟ್ಲಲ್ಲಿ ಯಾರೋ "ಏನ್ಲಾ ಚನ್ನರಾಯಪ್ಪ, ನಿನ್ನ ಹೆಂಡ್ತಿ ಮೆಕ್ಯಾನಿಕ್ಕು, ನೀನು ಅಸಿಸ್ಟೆಂಟಾ?" ಅಂದರಂತೆ. ಮನೆಗೆ ಬಂದು ನನ್ನ ಹಳೇ ಪೇಸ್ಟು ಡಬ್ಬೀನ ತಿಪ್ಪೆಗೆ ಎಸೆದ್ರು. ಕೇಳಿದ್ದಕ್ಕೆ ಕೆನ್ನೆಗೆ ಬಿಟ್ರು. ಕಿವಿ ಎರಡು ದಿನ ಗುಂಯ್ ಅಂತಿತ್ತು. ಈಗ ಸರಿಹೋಗಿದೆ. ನೀನು ಮಚ್ಚು ಹಿಡ್ಕೊಂಡು ಬರೋ ಅಗತ್ಯ ಇಲ್ಲ. ಡಬ್ಬಿ ಹಿಡ್ಕೊಂಡು ಬಾ ಸಾಕು.

ಬೈದ್ರೂ ನಿನ್ನ ತಂಗೀನೇ,
ಗಂಗರತ್ನ

*

ರಾಯಲ್ಪಾಡು
21 ಮಾರ್ಚ್ 1983

ಚೆಲ್ಲಿ, ನನ್ನ ತಂಗಿ ಗಂಗರತ್ನಳಿಗೆ,

ಅಬ್ಬೋ, ಏನು ಬಾಯಿ ನಿಂದು! ಕಾಗದ ಓದ್ತಾ ಓದ್ತಾ ನಿಮ್ಮತ್ತಿಗೆ ಬಿದ್ದು ಬಿದ್ದು ನಕ್ಕಳು. ಕೆನ್ನೆಗೆ ಬಿಟ್ರು ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಕಾಗದ ಮಡಚಿ ನನ್ನ ಕೈಗೆ ಕೊಟ್ಟಳು.

ನಿನ್ನ ಪೇಸ್ಟಿಗೋಸ್ಕರ ಕೋಲಾರಕ್ಕೆ ಹೋದೆ. ರಾಮಚಂದ್ರಪ್ಪನ ಅಂಗಡಿ ಬಾಗಿಲು ಹಾಕಿತ್ತು. ಎದುರಿನ ಅಂಗಡಿಯೋನು ನನ್ನ ಹತ್ರಾನೂ ಇದೆ ಅಂತ ಕರೆದ. ಮುಚ್ಚಳ ತೆಗೆದ್ರೆ ಮೇಲೆ ಎಣ್ಣೆ. ಇದು ಒಡೆದಿದೆ, ಬೇರೆ ಕೊಡು ಅಂದೆ. ನನ್ನ ಕೈಲಿದ್ದ ಚೀಲ ನೋಡಿ "ಮಾವಿನಕಾಯಿ ಮಾರೋನಿಗೆ ಪೇಸ್ಟು ಏನು ಗೊತ್ತು" ಅಂದ. ಕಾಲರ್ ಹಿಡಿದು ಗಲ್ಲಾ ಮೇಜಿನ ಮೇಲಿಂದ ಈಚೆಗೆ ಎಳೆದೆ. ಎರಡು ಬಿಟ್ಟೆ. ಜನ ಬಿಡಿಸಿದ್ರು. ಅಷ್ಟೊತ್ತಿಗೆ ರಾಮಚಂದ್ರಪ್ಪನೂ ಬಂದ್ರು, ಒಳ್ಳೆ ಮನುಷ್ಯ. ನಾಲ್ಕು ಡಬ್ಬಿ ಮುಂದಿಟ್ರು, ನಾಲ್ಕನ್ನೂ ಮೂಸಿದೆ. ರಾಳದ ವಾಸನೆ ಬಂದಿದ್ದೇ ತಂದಿದ್ದೀನಿ. ಒಳಗೆ ಗೋಡೆ ಬದಿ ತಂಪಲ್ಲಿ ಇಟ್ಟಿರ್ತಾರಂತೆ, ನಿನಗೂ ಹಾಗೇ ಇಡೋಕೆ ಹೇಳಿದ್ರು. ಬಸ್ಸಲ್ಲಿ ಕಿಟಕಿ ಬಿಸಿಲು ತಾಗದ ಹಾಗೆ ಟವೆಲ್ ಒದ್ದೆ ಮಾಡಿ ಸುತ್ತಿ ತೊಡೆ ಮೇಲಿಟ್ಕೊಂಡು ಬಂದೆ. ಪಕ್ಕದೋನು ಮಗೂನಾ ಅಂತ ಕೇಳಿದ!

ಈಗ ಮುಖ್ಯ ಮಾತು. ನಿನ್ನ ಗಂಡ ಇನ್ನೊಂದ್ಸಲ ಕೈ ಎತ್ತಿದ್ರೆ ನನಗೆ ಒಂದು ಸಾಲು ಬರಿ. ಮಿಕ್ಕಿದ್ದು ನಾನು ನೋಡ್ಕೋತೀನಿ. ಈ ವರ್ಷ ಮಾವಿನ ತೋಪಿನ ಬೇಲಿ ವಿಷಯಕ್ಕೆ ಒಬ್ಬನ ತಲೆ ಒಡೆದಿದ್ದೀನಿ, ಈಗ ಅವನು ದಾರೀಲಿ ಸಿಕ್ರೆ ಅಣ್ಣಾ ಅಂತಾನೆ. ಗಂಡಸರಿಗೆ ಅರ್ಥ ಆಗೋ ಭಾಷೆ ಅದೊಂದೇ.

ನಿನ್ನ ಅಣ್ಣ
ಕದಿರಪ್ಪ

*

ಸುಗಟೂರು
19 ಏಪ್ರಿಲ್ 1983

ಅಣ್ಣನಿಗೆ,

ಡಬ್ಬಿ ಬಂತು. ಬಂಗಾರದಂಥ ಪೇಸ್ಟು! ಯುಗಾದಿ ದಿನ ಅತ್ತೆಯ ರೇಡಿಯೋ ಮಾತಾಡ್ತು. ಇಯರ್‌ಫೋನ್ ಕಿವಿಗೆ ಸಿಕ್ಕಿಸ್ಕೊಂಡು ಅರ್ಧ ಗಂಟೆ ಅಲ್ಲಾಡದೆ ಕೂತಿದ್ರು. ಆಮೇಲೆ "ಲೇ ಮುಂಡೇದೇ, ಯಾವನೋ ನನ್ನ ಕಿವಿಯೊಳಗೇ ಕೂತು ಹಾಡ್ತವ್ನೆ" ಅಂದ್ರು. ಅವರು ಖುಷಿಯಾದಾಗ ಹಾಗೇ, ಬೈಗುಳ ಇಲ್ಲದೆ ಮಾತು ಹೊರಡಲ್ಲ.

ಆದ್ರೆ ಈ ಬಿಸಿಲು ನೋಡು. ಅಟ್ಟದ ಮೇಲೆ ಇಟ್ಟಿದ್ದೆ, ಮೂರೇ ದಿನಕ್ಕೆ ಪೇಸ್ಟು ಸಡಿಲವಾಯ್ತು. ನೀರಿನ ಗುಡಾಣದ ಕೆಳಗೆ ಮರಳಲ್ಲಿ ಹೂತಿಟ್ಟೆ, ಮುಚ್ಚಳ ತುಕ್ಕು ಹಿಡೀತು. ಒಂದು ಹನಿ ನೀರು ಒಳಗೆ ಹೋದ್ರೂ ಬೆಸುಗೆ ಚಟಪಟ ಸಿಡಿಯುತ್ತೆ. ಇದನ್ನೆಲ್ಲ ನಾನು ಗೊಣಗ್ತಾ ಇದ್ದಿದ್ದು ಅತ್ತೆ ಕೇಳಿಸ್ಕೊಂಡಿದ್ದಾರೆ. ಮೊನ್ನೆ ನೋಡಿದ್ರೆ ಡಬ್ಬಿ ಇಲ್ಲ. ಇವರೇ ಎಸೆದ್ರು ಅಂತ ತಿಪ್ಪೆ ಕೆದಕೋಕೆ ಹೊರಟೆ. ಅತ್ತೆ ಕಣ್ಣು ಹೊಡೆದು ಹುಳುಮನೆಗೆ ಕರ್ಕೊಂಡು ಹೋದ್ರು. ಅಲ್ಲಿ ಗೋಡೆಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿರ್ತಾರಲ್ಲ, ಇಡೀ ಮನೇಲಿ ತಂಪು ಅಂದ್ರೆ ಅದೇ ಜಾಗ. ಮೂಲೆ ಗೂಡಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಅದರ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದಾರೆ. "ನನ್ನ ಮಗ ಅಟ್ಟ ಹುಡುಕ್ತಾನೆ, ತಿಪ್ಪೆ ಹುಡುಕ್ತಾನೆ, ಇಲ್ಲಿ ಹುಡುಕಲ್ಲ" ಅಂದ್ರು.

ನಾನು ಡಬ್ಬಿ ಹೊರಗೆ ತರೋಕೆ ಕೈ ಹಾಕಿದೆ. ಹುಳುಮನೆಗೆ ಒಗ್ಗರಣೆ ವಾಸನೆ ಹೊತ್ತು ಹೋಗಬಾರದು, ಬೀಡಿ ಸೇದಿದೋನು ಬಾಗಿಲು ದಾಟಬಾರದು. ನಾನು ತಲೆಗೆ ಎಣ್ಣೆ ಹಚ್ಚಿದ ದಿನ ಒಳಗೆ ಕಾಲಿಡಲ್ಲ. ವಾಸನೆ ತಗುಲಿದ್ರೆ ಹುಳ ಸೊಪ್ಪು ಬಿಡುತ್ತೆ ಅಂತ ಇಲ್ಲಿನೋರ ಮಾತು. ಬೇಡ ಅತ್ತೆ ಅಂದೆ. "ಮುಚ್ಚಳ ಮುಚ್ಚಿದ ಡಬ್ಬಿಗೆ ಎಂಥಾ ವಾಸನೆ ಬಿಡೇ" ಅಂದ್ರು. ಮುಚ್ಚಿದ್ದ ಡಬ್ಬಿ ಮೂಸಿ ನೋಡ್ದೆ. ನಿಜ, ಏನೂ ಬರಲ್ಲ. ಹಾಗೇ ಬಿಟ್ಟೆ.

ಹುಳ ನಾಲ್ಕನೇ ಜ್ವರದಿಂದ ಇನ್ನೇನು ಏಳುತ್ತೆ, ಪೊರೆ ಬಿಡೋಕೆ ಮಲಗೋದನ್ನ ಇಲ್ಲಿ ಜ್ವರ ಅಂತಾರೆ. ಈ ಬೆಳೆ ಚೆನ್ನಾಗಿ ಬಂದ್ರೆ ಇವರ ಸಿಡುಕೂ ಇಳಿಯುತ್ತೆ. ಈಗ ಮಾತು ಮಾತಿಗೂ ಕೈ. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ತಟ್ಟೆ ಎಸೆದ್ರು, ಹುಬ್ಬಿಗೆ ತಾಗ್ತು. ಬರೀಬಾರದು ಅಂದ್ಕೊಂಡಿದ್ದೆ, ಬರೆದುಬಿಟ್ಟೆ. ನೀನು ಬರಬೇಡ.

ನಿನ್ನ
ಗಂಗರತ್ನ

*

ಕೋಲಾರ, ಆಸ್ಪತ್ರೆಯಿಂದ
14 ಮೇ 1983

ಅಣ್ಣ,

ಅಕ್ಷರ ಸೊಟ್ಟಗಿರುತ್ತೆ. ಬಲಗೈಗೆ ಕಟ್ಟು ಹಾಕಿದ್ದಾರೆ, ಬೆರಳ ತುದೀಲಿ ಪೆನ್ನು ಸಿಕ್ಕಿಸ್ಕೊಂಡು ಬರೀತಿದ್ದೀನಿ.

ಹುಳ ಎಲ್ಲ ಹೋಯ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು, ಬೆಳಿಗ್ಗೆ ನೋಡಿದ್ರೆ ತಲೆ ಎತ್ತಿ ಹಸಿರು ಹಸಿರು ಕಕ್ಕೊಂಡು ಒದ್ದಾಡ್ತಿವೆ. ಮಧ್ಯಾಹ್ನಕ್ಕೆ ತಟ್ಟೆ ತಟ್ಟೇನೇ ಕಪ್ಪಗಾಯ್ತು. ಹಾಗೆ ಕಕ್ಕೋದು ಔಷಧಿ ಬಿದ್ದ ಸೊಪ್ಪು ತಿಂದ್ರೆ ಮಾತ್ರ. ಹಿಂದಿನ ದಿನ ಇವರೇ ಟೊಮೇಟೊಗೆ ಔಷಧಿ ಹೊಡೆದ್ರು. ಸಂಜೆ ಮೇಲಿನ ಹೊಲಕ್ಕೆ ಹೋಗೋಕೆ ಸೋಮಾರಿತನ, ಆ ಟೊಮೇಟೊ ಬದುವಿನ ಹಿಪ್ಪುನೇರಳೆ ಸೊಪ್ಪನ್ನೇ ಕುಯ್ಕೊಂಡು ಬಂದು ಹಾಕಿದ್ರು. ಅದು ಅವರಿಗೂ ಗೊತ್ತು. ಗೊತ್ತಿದ್ದಕ್ಕೇ ಹುಚ್ಚು ಹಿಡಿದಂಗೆ ಹುಳುಮನೆ ಕೆದರಿದ್ರು. ಗೋಡೆಯ ಗೂಡಿನಲ್ಲಿ ಡಬ್ಬಿ ಸಿಕ್ತು.

ಹುಳ ಗೂಡು ಕಟ್ಟೋ ಚಂದ್ರಿಕೆಯ ಬಿದಿರು ಕಿತ್ತು ಹೊಡೆದ್ರು. ಅದು ಸೀಳೋವರೆಗೂ ಹೊಡೆದು, ಆಮೇಲೆ ಕಾಲಲ್ಲಿ. ಜಡೆ ಹಿಡಿದು ಸತ್ತ ಹುಳದ ತಟ್ಟೆಗೆ ನನ್ನ ಮುಖ ಒತ್ತಿದ್ರು, "ತಿನ್ನು, ನೀನು ಕೊಂದಿದ್ದು ನೀನೇ ತಿನ್ನು" ಅಂತ. ಇದೆಲ್ಲ ಕೋಪ ಅಂದ್ಕೋಬಹುದು. ಆಮೇಲೆ ಮಾಡಿದ್ದು ಕೋಪ ಅಲ್ಲ ಕಣೋ. ನನ್ನ ಬೆಸುಗೆ ಕಡ್ಡೀನ ಪ್ಲಗ್ಗಿಗೆ ಸಿಕ್ಕಿಸಿದ್ರು. ಅದು ಕಾಯೋಕೆ ಹೊತ್ತು ಬೇಕು, ನಿನಗೆ ಗೊತ್ತಲ್ಲ. ಅಷ್ಟು ಹೊತ್ತೂ ನನ್ನ ಬೆನ್ನ ಮೇಲೆ ಮಂಡಿ ಊರಿ ಕಾದ್ರು. ಮಧ್ಯೆ ಒಂದ್ಸಲ ಪೇಸ್ಟಿಗೆ ಅದ್ದಿ ಹೊಗೆ ಬರುತ್ತಾ ಅಂತ ನೋಡಿದ್ರು. ನಾನು ಕೂಗಿದೆ. ಬೀದಿ ಬಾಗಿಲು ತೆರೆದೇ ಇತ್ತು, ಜನ ನಿಂತಿದ್ರು. ಗಂಡ ಹೆಂಡಿರ ಜಗಳ ಅಂತ ಯಾರೂ ಬರಲಿಲ್ಲ. ಆಂಜಿನಮ್ಮನೂ ಬರಲಿಲ್ಲ.

ಕೈ ಮೇಲೆ ಇಟ್ರು. ವಾಸನೆ ಬಂತು. ಅಷ್ಟೇ ಬರೀತೀನಿ.

ಅತ್ತೆ ಹೊಲದಿಂದ ಓಡಿ ಬಂದ್ರು. "ಡಬ್ಬಿ ಇಟ್ಟಿದ್ದು ನಾನು, ನನ್ನ ಸುಡೋ ಬಾ, ನನ್ನ ಸುಡು" ಅಂತ ಕಾದ ಕಡ್ಡೀನ ಬರಿಗೈಲಿ ಹಿಡ್ಕೊಂಡು ಕಿತ್ಕೊಂಡ್ರು. ಇವರು ಹೆತ್ತ ತಾಯೀನ ಒರಳುಕಲ್ಲಿನ ಮೇಲೆ ತಳ್ಳಿದ್ರು. ಹೆಗಲ ಮೂಳೆ ಮುರಿದ ಸದ್ದು ನನಗೆ ಕೇಳಿಸ್ತು. ಆಗ ಜನ ಒಳಗೆ ಬಂದ್ರು. ತಾಯಿಗೆ ಹೊಡೆದಿದ್ದಕ್ಕೆ ಬಂದ್ರು.

ಪಕ್ಕದ ಮಂಚದಲ್ಲಿ ಅತ್ತೆ ಮಲಗಿದ್ದಾರೆ. ನಾನು ಆ ಮನೆಗೆ ಇನ್ನು ಕಾಲಿಡಲ್ಲ. ಇಟ್ರೆ ಒಂದು ದಿನ ಸಾಯ್ತೀನಿ, ಅಷ್ಟು ಸತ್ಯ. ಮಚ್ಚು ತರಬೇಡ, ಹೊಡೆದಾಟ ಬೇಡ. ನನ್ನನ್ನ ಕರ್ಕೊಂಡು ಹೋಗೋಕೆ ಬಾ. ನಾನು ನಿನ್ನನ್ನ ಕೇಳ್ತಿರೋದು ಅದೊಂದೇ.

ಗಂಗರತ್ನ

*

ರಾಯಲ್ಪಾಡು
27 ಮೇ 1983

ಚೆಲ್ಲಿಗೆ,

ನಿನ್ನ ಕಾಗದ ಓದಿ ನನ್ನ ರಕ್ತ ಕುದ್ದುಹೋಯ್ತು. ಬೇಡ ಅಂದ್ರೂ ತಡೀಲಿಲ್ಲ. ನನ್ನ ಬಾಮೈದ ಕದಿರೇಶನ್ನೂ ಕರ್ಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋದೆ. ಬೆಳಿಗ್ಗೆ ಹರಾಜು, ಜನವೋ ಜನ, ನಿನ್ನ ಗಂಡ ಟೊಮೇಟೊ ಇಳಿಸ್ತಿದ್ದ. ಬುಟ್ಟಿ ಎತ್ತಿ ತಲೆಗೆ ಕವಿಚಿ ಕೆಡವಿದೆ. ಬಾಯಿಗೆ ಒದ್ದೆ, ಮುಂದಿನ ಹಲ್ಲು ಎರಡು ಅಲ್ಲೇ ಉದುರಿದ್ವು. ಯಾವ ಕೈಲಿ ಸುಟ್ಟೆಯೋ ಅಂತ ಕೇಳಿ ಆ ಬೆರಳುಗಳನ್ನ ಚಪ್ಪಲಿ ಕಾಲಲ್ಲಿ ತುಳಿದೆ. ಕಟಕಟ ಅಂದ್ವು. ಟೊಮೇಟೊ ರಸ ಯಾವುದು, ರಕ್ತ ಯಾವುದು ಗೊತ್ತಾಗಲಿಲ್ಲ. ಇಡೀ ಮಾರ್ಕೆಟ್ಟು ನಿಂತು ನೋಡ್ತು. ನಿನಗಾದ ಅವಮಾನ ತೀರಿಸಿದ್ದೀನಿ.

ಆಮೇಲೆ ಸುಗಟೂರಿನ ದೊಡ್ಡಮುನಿಯಪ್ಪನವರು, ಹಿರಿಯರು, ನಮ್ಮಿಬ್ಬರನ್ನೂ ಕೂರಿಸಿ ಪಂಚಾಯ್ತಿ ಮಾಡಿದ್ರು. ಅವನು ಎಲ್ಲರ ಮುಂದೆ ನನ್ನ ಕಾಲು ಹಿಡಿದ. ನಿಜವಾಗ್ಲೂ ಹಿಡಿದ, ಚೆಲ್ಲಿ. ತಪ್ಪಾಯ್ತು ಬಾವ ಅಂತ ಚಿಕ್ಕ ಮಗು ಥರ ಅತ್ತ. ಎಲೆ ಅಡಿಕೆ ಬದಲಾಯಿಸಿದ್ವಿ. ಅವತ್ತು ಅವರ ಮನೇಲೇ ಕೋಳಿ ಕುಯ್ದು ಊಟ ಆಯ್ತು. ಅವನಿಗೆ ಅಗಿಯೋಕೆ ಆಗಲಿಲ್ಲ, ಪಾಪ, ಬರೀ ಸಾರು ಕುಡಿದ.

ಅವನು ಇನ್ನು ಕೈ ಎತ್ತಲ್ಲ. ಒಂದ್ಸಲ ಸರಿಯಾಗಿ ತಿಂದ ಗಂಡಸು ಜನ್ಮದಲ್ಲಿ ಮರೆಯಲ್ಲ. ಜೂನ್ ಆರನೇ ತಾರೀಕು ಸೋಮವಾರ, ಟ್ರ್ಯಾಕ್ಟರ್ ತಗೊಂಡು ಬರ್ತಾನೆ. ನೀನೂ ನಿಮ್ಮತ್ತೆಯೂ ಹೊರಡಿ. ನಾನೂ ಜೊತೇಲಿರ್ತೀನಿ. ಹಿರಿಯರ ಮುಂದೆ ಮಾತು ಕೊಟ್ಟಿದ್ದೀನಿ, ನನ್ನ ತಲೆ ತಗ್ಗಿಸಬೇಡ.

ನಿನ್ನ ಅಣ್ಣ
ಕದಿರಪ್ಪ

*

ಕೋಲಾರ
31 ಮೇ 1983

ಕದಿರಪ್ಪನಿಗೆ,

ಅಣ್ಣ ಅಂತ ಬರೆಯೋಕೆ ಕೈ ಬರಲಿಲ್ಲ, ಕ್ಷಮಿಸು ಅಂತಾನೂ ಬರೆಯಲ್ಲ.

ಅವನು ನನ್ನ ಹೊಡೆದ. ನೀನು ಅವನನ್ನ ಹೊಡೆದೆ. ಆಮೇಲೆ ಇಬ್ಬರೂ ಕೂತು ಕೋಳಿ ತಿಂದ್ರಿ. ನಡುವೆ ನಾನೆಲ್ಲಿದ್ದೆ? ನನ್ನ ಕೈ ಸುಟ್ಟಿದ್ದಕ್ಕೆ ಅವನು ನಿನ್ನ ಕಾಲು ಯಾಕೆ ಹಿಡಿದ? ನನ್ನ ಕಾಲು ಇಲ್ಲೇ ಇತ್ತಲ್ಲ, ಆಸ್ಪತ್ರೇಲಿ. ಒಂದಿನ ಬಂದು ನೋಡಿದ್ನಾ? ನೀನಾದ್ರೂ ಬಂದ್ಯಾ? ಮಾರ್ಕೆಟ್ಟಿಂದ ಆಸ್ಪತ್ರೆಗೆ ನಡೆದು ಬರೋಷ್ಟು ದೂರ. ಹಲ್ಲು ಉದುರಿಸೋಕೆ ಕೋಲಾರಕ್ಕೆ ಬಂದೆ, ತಂಗೀನ ನೋಡದೆ ಬಸ್ ಹತ್ತಿದೆ.

ಗಂಡಸರಿಗೆ ಅರ್ಥ ಆಗೋ ಭಾಷೆ ಅಂದಿದ್ದೆಯಲ್ಲ. ಅದೇ ಭಾಷೇಲಿ ಅವನೂ ನನ್ನ ಜೊತೆ ಮಾತಾಡಿದ್ದು. ನೀವಿಬ್ಬರೂ ಒಂದೇ ಶಾಲೇಲಿ ಕಲಿತೋರು. ಮಾರ್ಕೆಟ್ಟಲ್ಲಿ ಎಲ್ಲರ ಮುಂದೆ ಬಿದ್ದ ಒದೆಗೆ ಅವನು ಬಾಗಿಲು ಹಾಕ್ಕೊಂಡು ಯಾರ ಮೇಲೆ ತೀರಿಸ್ಕೋತಾನೆ, ಹೇಳು? ನಿನ್ನ ಮೇಲಾ?

ನಾವು ಆಸ್ಪತ್ರೆ ಬಿಟ್ಟಿದ್ದೀವಿ. ರಾಮಚಂದ್ರಪ್ಪನವರ ಅಂಗಡಿ ಹಿಂದೆ ಒಂದು ಕೋಣೆ ಸಿಕ್ಕಿದೆ. ಅವರ ಅಂಗಡೀಲಿ ಬೆಸುಗೆ ಕೆಲಸ ಮಾಡ್ತೀನಿ, ಕೈ ವಾಸಿಯಾಗ್ತಿದ್ದಂಗೆ. ಅತ್ತೆ ನನ್ನ ಜೊತೇನೇ ಇದ್ದಾರೆ. ವಾಪಸ್ ಹೋಗ್ತೀರಾ ಅಂತ ನಾನು ಕೇಳಿಲ್ಲ. ಕೇಳೋಕೆ ಭಯ. ಎಷ್ಟಾದ್ರೂ ಹೆತ್ತ ಮಗ. ಅವರು ಹೊರಟ್ರೆ ನಾನು ಒಬ್ಬಳೇ, ಆಗ ನೀವೆಲ್ಲ ಸೇರಿ ನನ್ನನ್ನ ಟ್ರ್ಯಾಕ್ಟರಿಗೆ ಎತ್ತಿ ಹಾಕೋದು ಏನು ಮಹಾ.

ಸೋಮವಾರ ಬರಬೇಡ. ಬಂದ್ರೆ ನೀನೂ ಅವನ ಕಡೆಯೋನೇ.

ಗಂಗರತ್ನ

*

ಸುಗಟೂರು
10 ಜೂನ್ 1983

ಅವ್ವನಿಗೆ, ಚನ್ನರಾಯಪ್ಪ ಬರೆಯೋದು.

ಸೋಮವಾರ ಆಸ್ಪತ್ರೇಲಿ ವಿಚಾರಿಸ್ಕೊಂಡು ನಿಮ್ಮ ಕೋಣೆ ಹತ್ರ ಟ್ರ್ಯಾಕ್ಟರ್ ತಂದ್ರೆ ಬಾಗಿಲು ತೆಗೀಲಿಲ್ಲ. ಕಿಟಕಿಯಿಂದ ಬಿಸಿ ನೀರು ಎರಚಿದ್ದು ನೀನೋ, ಅವಳೋ? ದೊಡ್ಡಮುನಿಯಪ್ಪನವರ ಮೇಲೂ ಬಿತ್ತು. ಕದಿರಪ್ಪನೂ ಬರಲಿಲ್ಲ, ಮಾತು ಕೊಟ್ಟು ಕೈ ಕೊಟ್ಟ. ಊರಲ್ಲಿ ತಲೆ ಎತ್ತೋ ಹಾಗಿಲ್ಲ.

ನಾನು ಮಾಡಿದ್ದು ತಪ್ಪು. ನೀನು ಅಡ್ಡ ಬಂದಿದ್ದಕ್ಕೆ ನಿನಗೆ ತಾಗ್ತು, ಬೇಕು ಅಂತ ಮಾಡಲಿಲ್ಲ. ಆದ್ರೆ ಅವಳೇನು ದೇವಲೋಕದಿಂದ ಇಳಿದು ಬಂದಿದ್ದಾಳಾ? ಅಪ್ಪ ನಿನಗೆ ಹೊಡೀತಿರಲಿಲ್ವಾ? ಸೌದೆ ತಗೊಂಡು ಹೊಡೀತಿದ್ದ, ನಾನು ನೋಡಿದ್ದೀನಿ. ನೀನು ತವರಿಗೆ ಓಡಿ ಹೋದ್ಯಾ? ಸಹಿಸ್ಕೊಂಡು ಬಾಳ್ವೆ ಮಾಡಿದೆ. ಅಪ್ಪ ಸತ್ತಾಗ ಎದೆ ಬಡ್ಕೊಂಡು ಹೆಣದ ಮೇಲೆ ಬಿದ್ದು ಅತ್ತೆ. ಅಂಥ ಹೆಂಗಸಿನ ಹೊಟ್ಟೇಲಿ ಹುಟ್ಟಿದೋನು ನಾನು. ನೀನೇ ಅವಳಿಗೆ ಬುದ್ಧಿ ಹೇಳಿ ಕರ್ಕೊಂಡು ಬಾ. ನೀನು ಹೇಳಿದ್ರೆ ಕೇಳ್ತಾಳೆ. ಇಲ್ಲಾಂದ್ರೆ ನಾನು ಬರ್ತೀನಿ, ಆಗ ಬಾಗಿಲು ಇರಲ್ಲ.

ನಿನ್ನ ಮಗ
ಚನ್ನರಾಯಪ್ಪ

*

ಕೋಲಾರ
15 ಜೂನ್ 1983

ಚನ್ನರಾಯಪ್ಪನಿಗೆ, ದೊಡ್ಡವೆಂಕಟಮ್ಮ ಹೇಳಿ ಬರೆಸೋದು.

ಬರೀತಿರೋಳು ನಿನ್ನ ಹೆಂಡ್ತಿ. ನನ್ನ ಬೈಗುಳ ಬಿಟ್ಟು ಬರೀತಾಳೆ ಅಂತ ಅನುಮಾನಕ್ಕೆ ರಾಮಚಂದ್ರಪ್ಪನ ಕೈಲಿ ಓದಿಸ್ಕೊಂಡು ಆಮೇಲೆ ಹೆಬ್ಬೆಟ್ಟು ಒತ್ತುತೀನಿ.

ನೀರು ಎರಚಿದ್ದು ನಾನು. ಒಂದೇ ಕೈ ಏಳೋದು, ಅದಕ್ಕೇ ದೊಡ್ಡಮುನಿಯಪ್ಪನ ಮೇಲೆ ಬಿತ್ತು. ಎರಡು ಕೈ ಇದ್ದಿದ್ರೆ ನಿನ್ನ ಮೇಲೇ ಬೀಳ್ತಿತ್ತು.

ಬಾಗಿಲು ಮುರೀತೀನಿ ಅಂದಿದ್ದೀಯ. ನಿನ್ನೆ ನಾವಿಬ್ಬರೂ ಪೊಲೀಸ್ ಠಾಣೆಗೆ ಹೋಗಿ ಬಂದ್ವಿ. ಇವಳು ಕೈ ತೋರಿಸಿದ್ಲು. ಗಂಡ ಹೆಂಡಿರ ವಿಷಯ ಅಂತ ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟ. ನಾನು ಅವನ ಮೇಜು ಕುಟ್ಟಿ, ಮಾಡಿದೋನು ನನ್ನ ಮಗ, ನೋಡಿದೋಳು ನಾನು, ಬರ್ಕೋ ಅಂದೆ. ಬರ್ಕೊಂಡ. ಕೋರ್ಟಿಗೆ ಕರೆದ್ರೆ ಅಲ್ಲೂ ಅದನ್ನೇ ಹೇಳ್ತೀನಿ. ನೀನು ಇಲ್ಲಿಗೆ ಬಂದ್ರೆ ಹಿಡ್ಕೊಂಡು ಹೋಗ್ತಾರೆ, ಬಾ ಬೇಕಾದ್ರೆ.

ನಿಮ್ಮಪ್ಪನ ವಿಷಯ ಎತ್ತಿದ್ದೀಯ. ಹೂಂ, ಹೊಡೀತಿದ್ದ. ನೀನು ಹೊಟ್ಟೇಲಿದ್ದಾಗ ಸೊಂಟಕ್ಕೆ ಒದ್ದ. ನೀನು ಬದುಕಲಿ ಅಂತ ಬೆನ್ನು ಕೊಟ್ಟೆ. ನನ್ನ ತವರಲ್ಲೂ ನಿನ್ನ ಬಾವನಂಥೋರೇ ಇದ್ದಿದ್ದು, ಓಡೋಕೆ ಜಾಗ ಇರಲಿಲ್ಲ. ಅದನ್ನ ನೀನು ಬಾಳ್ವೆ ಅಂತೀಯ.

ಅವನು ಸತ್ತ ದಿನ ನಾನು ಅತ್ತಿದ್ದು ಊರಿಗೆಲ್ಲ ನೆನಪಿದೆ. ಎಂಥಾ ಪತಿವ್ರತೆ ಅಂದ್ರು. ಚನ್ನರಾಯ, ಅವತ್ತು ನಾನು ಅತ್ತಿದ್ದು ಸಂತೋಷಕ್ಕೆ ಕಣೋ. ಇನ್ನು ಈ ಮನೇಲಿ ನನ್ನ ಹೊಡೆಯೋರಿಲ್ಲ ಅಂತ ಹೊಟ್ಟೆಯೊಳಗಿಂದ ಎದ್ದು ಬಂತು, ತಡ್ಕೊಳ್ಳೋಕೆ ಆಗಲಿಲ್ಲ. ಹೆಣದ ಮೇಲೆ ಬಿದ್ದಿದ್ದು ಮುಖ ಯಾರಿಗೂ ಕಾಣದೆ ಇರಲಿ ಅಂತ. ನೀನು ಚಿಕ್ಕೋನು, ನನ್ನ ಸೆರಗು ಹಿಡ್ಕೊಂಡು ಅಳಬೇಡ ಅವ್ವ, ನಾನಿದ್ದೀನಿ ಅಂದೆ.

ಇದನ್ನ ಬರೀತಾ ಇವಳು ಪೆನ್ನು ನಿಲ್ಲಿಸಿ ಅಳ್ತಿದ್ದಾಳೆ. ಬರಿಯೇ ಅಂತ ಗದರಿಸ್ತಿದ್ದೀನಿ.

ನೀನು ನನ್ನ ಮಗ. ನೀನು ನೂರು ವರ್ಷ ಬದುಕು. ಆದ್ರೆ ನೀನು ಸತ್ತ ದಿನ ನಿನ್ನ ಹೆಣದ ಮೇಲೆ ಬಿದ್ದು ಇವಳೂ ನನ್ನ ಥರ ಅಳಬಾರದು. ಅದಕ್ಕೇ ಇವಳನ್ನ ಕಳಿಸಲ್ಲ.

ದೊಡ್ಡವೆಂಕಟಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು
(ಬಲಗೈ ಇನ್ನೂ ಏಳಲ್ಲ)